ಕೋವಿಡ್ ಐಸಿಯುನಲ್ಲಿ ದುಡಿದ ನನ್ನ ಹೆಂಡತಿ ಇನ್ನೂ ಅದರಿಂದ ಹೊರಬಂದಿಲ್ಲ. ನಾನೇನು ಮಾಡಲಿ?

ನಿಮ್ಮ ಹೆಂಡತಿ 2021ರಲ್ಲಿ ಕೋವಿಡ್ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದರು, ಈಗಲೂ ರಾತ್ರಿ ಬೆಚ್ಚಿ ಏಳುತ್ತಾರೆ, ಆ ದಿನಗಳ ಮಾತೆತ್ತಿದರೆ ಎದ್ದು ಹೋಗುತ್ತಾರೆ ಅಂತ ಬರೆದಿದ್ದೀರಿ. "ನರ್ಸ್‌ಗಳಿಗೆ ಸಾವು ನೋಡಿ ಅಭ್ಯಾಸ ಇರುತ್ತೆ ಅಲ್ವಾ, ಮತ್ತೆ ಯಾಕೆ ಹೀಗೆ?" ಅಂತಲೂ ಕೇಳಿದ್ದೀರಿ. ನಾನೂ ನರ್ಸ್. ಅದೇ ಸಮಯದಲ್ಲಿ ಬೆಂಗಳೂರಿನಲ್ಲಿ ಅದೇ ಡ್ಯೂಟಿ ಮಾಡಿದವಳು. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಅಭ್ಯಾಸ ಇರುತ್ತದೆ, ನಿಜ. ಆದರೆ ಮಾಮೂಲಿ ದಿನಗಳಲ್ಲಿ ಒಬ್ಬರು ತೀರಿಕೊಂಡರೆ ಮನೆಯವರು ಪಕ್ಕದಲ್ಲಿರುತ್ತಾರೆ. ಬಾಯಿಗೆ ನೀರು ಬಿಡುತ್ತಾರೆ, ಅಳುತ್ತಾರೆ. ನಾವು ಮೈ ಒರೆಸಿ, ಬಟ್ಟೆ ಸರಿಮಾಡಿ ಅವರಿಗೆ ಒಪ್ಪಿಸುತ್ತೇವೆ. ಮಾಡಬೇಕಾದ್ದನ್ನೆಲ್ಲ ಮಾಡಿದೆವು ಅನ್ನುವ ಸಮಾಧಾನವಾದರೂ ಉಳಿಯುತ್ತದೆ.

ಎರಡನೇ ಅಲೆಯಲ್ಲಿ ಅದೂ ಉಳಿಯಲಿಲ್ಲ. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಜಾಸ್ತಿ ಕೇಸ್ ಬಂದವು. ಅದಕ್ಕೂ ಸ್ವಲ್ಪ ಮೊದಲು ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ರೋಗಿಗಳು ಸತ್ತ ಸುದ್ದಿ ಬಂದಿತ್ತು. ಆಮೇಲೆ ಪ್ರತಿ ಶಿಫ್ಟಿನಲ್ಲೂ ನಮ್ಮ ಒಂದು ಕಣ್ಣು ಆಕ್ಸಿಜನ್ ಮೀಟರ್ ಮೇಲೇ. ಹೊರಗೆ ಆಂಬುಲೆನ್ಸ್ ಸಾಲು, ಒಳಗೆ ಬೆಡ್ ಇಲ್ಲ. ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡಲಾಗದ ಸ್ಥಿತಿ. ಅದು ಮನಸ್ಸಿನಲ್ಲಿ ಬಿಟ್ಟುಹೋಗುವ ಗಾಯಕ್ಕೆ ಮನೋವೈದ್ಯರು ಮಾರಲ್ ಇಂಜುರಿ ಅನ್ನುತ್ತಾರೆ. ನನಗೂ ಸೋಂಕು ತಗಲುತ್ತದೆ ಅನ್ನುವ ಭಯಕ್ಕಿಂತ ಅದು ಬೇರೆ, ಅದಕ್ಕಿಂತ ಆಳ.

ಪಿಪಿಇ, ಅಂದರೆ ಮೈಯೆಲ್ಲ ಮುಚ್ಚುವ ರಕ್ಷಣಾ ಉಡುಪು, ಹಾಕಿದ ಮೇಲೆ ಶಿಫ್ಟ್ ಮುಗಿಯುವ ತನಕ ನೀರಿಲ್ಲ, ಶೌಚಾಲಯವಿಲ್ಲ. ಮುಟ್ಟಿನ ದಿನಗಳಲ್ಲೂ ಹಾಗೇ. ರೋಗಿಗಳ ಮೊಬೈಲ್‌ಗಳನ್ನು ಬೆಡ್ ನಂಬರ್ ಬರೆದ ಕವರ್‌ನಲ್ಲಿ ಹಾಕಿಡುತ್ತಿದ್ದೆವು. ಬೆಡ್ ಖಾಲಿಯಾದ ಮೇಲೂ ಕೆಲವು ರಿಂಗ್ ಆಗುತ್ತಿದ್ದವು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಐಸಿಯು ಮಾನಿಟರ್‌ನ ಬೀಪ್ ಒಂದೇ ಸಮ ಇರುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿದ ಹಾಗೆ ಅದರ ಸ್ವರವೂ ತಗ್ಗುತ್ತದೆ. ಬೆನ್ನು ತಿರುಗಿಸಿ ನಿಂತಿದ್ದರೂ ಕಿವಿಗೆ ತಿಳಿಯುತ್ತದೆ. ಆ ಕಿವಿ ಮನೆಗೆ ಬಂದ ಮೇಲೂ ಕೆಲಸ ನಿಲ್ಲಿಸುವುದಿಲ್ಲ. ನಿಮ್ಮ ಹೆಂಡತಿ ಯಾವ ಸದ್ದಿಗೆ ಬೆಚ್ಚುತ್ತಾರೆ ಅಂತ ಗಮನಿಸಿ. ವಾಷಿಂಗ್ ಮೆಷಿನ್‌ದೋ, ಫೋನ್ ರಿಂಗ್‌ಟೋನೋ ಆಗಿದ್ದರೆ ಇವತ್ತೇ ಬದಲಾಯಿಸಿಬಿಡಿ. ಚಿಕ್ಕ ಕೆಲಸ, ಆದರೆ ನಿಮ್ಮ ಕೈಯಲ್ಲೇ ಇದೆ.

ಮಾತಾಡು ಮಾತಾಡು ಅಂತ ಒತ್ತಾಯ ಮಾಡಬೇಡಿ. ಎಷ್ಟು ಜನ ಸತ್ತರು ಅಂತ ಕೇಳಲೇಬೇಡಿ. ಅವರಾಗಿ ಬಾಯಿ ತೆರೆದ ದಿನ ಸುಮ್ನೆ ಕೂತು ಕೇಳಿ. "ನಿನ್ನ ತಪ್ಪೇನಿದೆ" ಅಂತ ನಡುವೆ ತಡೆಯಬೇಡಿ. ಕೆಲಸದ ಜೊತೆ ನಿದ್ದೆಯೂ ಕೆಟ್ಟಿದ್ದರೆ ಸ್ವಲ್ಪ ಕಾಲ ನೈಟ್ ಡ್ಯೂಟಿ ತಪ್ಪಿಸಲು ಕೇಳಬಹುದಾ ನೋಡಿ. ನಮ್ಮವರಲ್ಲಿ ಎಷ್ಟೋ ಜನ ತಾವೇ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಕೈಗೆ ಸುಲಭವಾಗಿ ಸಿಗುತ್ತದಲ್ಲ. ಆಲ್ಪ್ರಜೋಲಾಮ್‌ನಂಥದ್ದು ಬೇಗ ಚಟ ಹಿಡಿಸುತ್ತದೆ. ಅದರ ಮೇಲೆ ಕಣ್ಣಿಡಿ.

ಬೆಚ್ಚಿಬೀಳುವುದು, ಅದೇ ಕನಸು ಬರುವುದು ಒಂದು ತಿಂಗಳು ದಾಟಿದರೇ ವೈದ್ಯರು ಪಿಟಿಎಸ್‌ಡಿ, ಅಂದರೆ ಭೀಕರ ಅನುಭವದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ, ಇದೆಯಾ ಅಂತ ನೋಡುತ್ತಾರೆ. ನಿಮ್ಮ ಮನೆಯಲ್ಲಿ ವರ್ಷಗಳೇ ಆಗಿವೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ತಡವಾದರೂ ಕೆಲಸ ಮಾಡುತ್ತದೆ. ತಾವು ದುಡಿಯುವ ಆಸ್ಪತ್ರೆಯಲ್ಲೇ ಮನೋವೈದ್ಯರ ಹತ್ತಿರ ಹೋಗಲು ನಮಗೆ ಹಿಂಜರಿಕೆ, ಫೈಲ್ ಯಾರಾದರೂ ನೋಡಿದರೆ ಅಂತ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ಗುಟ್ಟನ್ನು ಕಾಪಾಡುತ್ತದೆ. ಆದರೂ ಬೇರೆ ಆಸ್ಪತ್ರೆ ಹುಡುಕಿದರೆ ಅವರಿಗೆ ನಿರಾಳ. ಸಾಯುವ ಮಾತೇನಾದರೂ ಆಡಿದರೆ ಮಾತ್ರ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗಲೇ ಹೊರಡಲು ಒಪ್ಪದಿದ್ದರೆ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಬೇಡ ಅಂದರೆ ಮೊದಲು ನೀವೇ ಕರೆ ಮಾಡಿ. ಮನೆಯವರಿಗೂ ಅಲ್ಲಿ ಸಲಹೆ ಕೊಡುತ್ತಾರೆ.