ಜನಸಂಖ್ಯೆ ನೋಡಿ ಟೀಮ್ ಕಟ್ಟಬೇಡಿ, ಮೈದಾನದ ಬೀಗ ಯಾರ ಕೈಲಿದೆ ನೋಡಿ

ಗುರು, ನಿಮ್ಮ ಪಟ್ಟಿ ಓದಿದೆ. ಕರ್ನಾಟಕದಲ್ಲಿ ಹೊಸ ಪ್ರೊಫೆಷನಲ್ ಫುಟ್‌ಬಾಲ್ ಟೀಮ್ ಎಲ್ಲಿ ನಡೆಯುತ್ತೆ ಅಂತ. ಹುಬ್ಬಳ್ಳಿ-ಧಾರವಾಡ ಮೊದಲು, ಮೈಸೂರು ಎರಡು, ಆಮೇಲೆ ಕಲಬುರಗಿ, ಕೊನೆಗೆ ಬೆಳಗಾವಿ ಮತ್ತು ಮಂಗಳೂರು. ಆಧಾರ ಜನಸಂಖ್ಯೆ, ಜೊತೆಗೆ ಫ್ರೀ ಎಂಟ್ರಿ ಇಟ್ಟ ಪ್ರದರ್ಶನ ಪಂದ್ಯಕ್ಕೆ ಬಂದ ಜನ. ಇದೇ ಎರಡು ಲೆಕ್ಕ ಇಟ್ಟುಕೊಂಡು ನಾವೂ ಒಂದು ಕ್ಲಬ್ ಕಟ್ಟಿದ್ದೆವು. ಊರ ಹೆಸರು ಬೇಡ, ಆಗ ಜೊತೆಗಿದ್ದವರು ಕೆಲವರು ಈ ಗುಂಪಲ್ಲೇ ಇದ್ದಾರೆ. ಕ್ಲಬ್ ಈಗಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಜನಸಂಖ್ಯೆ ವಿಷಯ. 2011ರ ಜನಗಣತಿಯಲ್ಲಿ ಪುಣೆ 31 ಲಕ್ಷ. ಅಲ್ಲಿ ಪುಣೆ ಎಫ್‌ಸಿ, ಭಾರತ್ ಎಫ್‌ಸಿ, ಡಿಎಸ್‌ಕೆ ಶಿವಾಜಿಯನ್ಸ್, ಎಫ್‌ಸಿ ಪುಣೆ ಸಿಟಿ ಅಂತ ನಾಲ್ಕು ಟೀಮ್ ಬಂದವು. ಎಲ್ಲದರ ಹಿಂದೆಯೂ ದುಡ್ಡಿರುವವರೇ ಇದ್ದರು. ನಾಲ್ಕೂ ಮುಚ್ಚಿದವು. ಕೊನೆಯದರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಜಾಗ 2019ರಲ್ಲಿ ಹೈದರಾಬಾದಿಗೆ ಹೋಯಿತು. ಹೈದರಾಬಾದ್ ಎಫ್‌ಸಿ 2021-22ರಲ್ಲಿ ಚಾಂಪಿಯನ್ ಕೂಡ ಆಯಿತು, ಆಮೇಲೆ ಸಂಬಳ ಕೊಡಲಾಗದೆ ಮಾಲೀಕರು ಬದಲಾಗಿ 2025ರಲ್ಲಿ ದೆಹಲಿಗೆ ಗಂಟುಮೂಟೆ ಕಟ್ಟಿತು. ಆ ದೆಹಲಿಯೇ 2019ರಲ್ಲಿ ತನ್ನ ಡೈನಮೋಸ್ ಟೀಮನ್ನು ಭುವನೇಶ್ವರಕ್ಕೆ ಬಿಟ್ಟುಕೊಟ್ಟಿತ್ತು. ಇನ್ನೊಂದು ಕಡೆ ಮಿಜೋರಾಂನ ಐಜ್ವಾಲ್ ನೋಡಿ. ಅದೇ ಜನಗಣತಿಯಲ್ಲಿ ಮೂರು ಲಕ್ಷವೂ ಇಲ್ಲದ ಊರು. 2016-17ರಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಎಲ್ಲರನ್ನೂ ಹಿಂದೆ ಹಾಕಿ ಐ-ಲೀಗ್ ಅನ್ನುವ ರಾಷ್ಟ್ರೀಯ ಲೀಗ್ ಗೆದ್ದರು. ಜನಸಂಖ್ಯೆಯ ಕಾಲಂ ಅಳಿಸಿಬಿಡಿ.

ಬಿಎಫ್‌ಸಿ ಉದಾಹರಣೆ ಕೊಟ್ಟಿದ್ದೀರಿ, 2013ರಲ್ಲಿ ಹುಟ್ಟಿ ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದರಲ್ಲ ಅಂತ. ಹೌದು. ಆದರೆ ಅದು ಖಾಲಿ ಊರಿಗೆ ಬಂದ ಟೀಮ್ ಅಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಟೀಮ್ ಮುಂಬೈಯ ರೋವರ್ಸ್ ಕಪ್ ಟೂರ್ನಿ ಗೆದ್ದು ತಂದ ಊರು. ಐಟಿಐ, ಎಚ್‌ಎಎಲ್ ಕಾರ್ಖಾನೆಗಳದ್ದು, ಸೇನೆಯ ಎಂಇಜಿ, ಎಎಸ್‌ಸಿಯದ್ದು ಅಂತ ಇಲಾಖೆ ಟೀಮ್‌ಗಳು ದಶಕಗಟ್ಟಲೆ ಆಡಿದವು. ಆಸ್ಟಿನ್ ಟೌನ್, ಮರ್ಫಿ ಟೌನ್ ಹುಡುಗರು ಅಶೋಕನಗರದ ಸ್ಟೇಡಿಯಂ ಮೆಟ್ಟಿಲ ಮೇಲೇ ಬೆಳೆದವರು. ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆ ಪ್ರತಿಮೆಯೇ ಇದೆ. ಬಿಎಫ್‌ಸಿ ಮೊದಲು ಆಡಿದ್ದೂ ಅದೇ ಅಶೋಕನಗರದಲ್ಲಿ, ಕಂಠೀರವಕ್ಕೆ ಹೋಗಿದ್ದು ಆಮೇಲೆ. ಜನ ಆಗಲೇ ಅಲ್ಲಿದ್ದರು, ಕಂಪನಿ ಬಂದು ಅವರಿಗೆ ಒಳ್ಳೆ ಟೀಮ್ ಕೊಟ್ಟಿತು, ಅಷ್ಟೆ.

ಈಗ ಮುಖ್ಯ ವಿಷಯ, ಮೈದಾನ. ನಿಮ್ಮ ಪೋಸ್ಟಿನಲ್ಲಿ ಇದಕ್ಕೆ ಒಂದೇ ಸಾಲು: ‘ಜಿಲ್ಲಾ ಕ್ರೀಡಾಂಗಣ ಇದೆ’. ಇದೆ, ಆದರೆ ನಿಮ್ಮದಲ್ಲ. ನಮಗೂ ಬಾಯಿಮಾತಲ್ಲಿ ಒಪ್ಪಿಗೆ ಸಿಕ್ಕಿತ್ತು. ಹುಲ್ಲು ಹಾಕಿ, ರಾತ್ರಿ ನೀರು ಬಿಟ್ಟು ಒಂದು ಹದಕ್ಕೆ ತಂದ ಮೇಲೆ ಅಲ್ಲೊಂದು ಸಮಾವೇಶ ಆಯಿತು. ಪೆಂಡಾಲ್ ಹಾಕಿದರು, ಕಂಬಕ್ಕೆ ಗುಂಡಿ ತೋಡಿದರು, ವಿಐಪಿ ಕಾರು ಬರಲಿ ಅಂತ ಪೆನಾಲ್ಟಿ ಬಾಕ್ಸಿನವರೆಗೆ ಜಲ್ಲಿ ಸುರಿದರು. ಮಾರನೇ ದಿನ ಪೆಂಡಾಲ್ ಹೋಯಿತು, ಜಲ್ಲಿ ಮತ್ತು ಮೊಳೆ ಉಳಿದವು. ಗೋಲ್‌ಕೀಪರ್ ಹುಡುಗ ಡೈವ್ ಹೊಡೆದು ಮೊಣಕೈ ಸಿಗಿದುಕೊಂಡ. ಗುಂಡಿಗೆ ಕೆಂಪು ಮಣ್ಣು ತುಂಬಿದೆವು, ಮೊದಲ ಮಳೆಗೆ ಕುಸಿಯಿತು. ಅದರ ಹಿಂದೆಯೇ ವಸ್ತುಪ್ರದರ್ಶನ, ಮೇಲೆ ಜೈಂಟ್ ವೀಲ್. ಹೋಮ್ ಮ್ಯಾಚ್‌ಗಳನ್ನು ಪಕ್ಕದ ಜಿಲ್ಲೆಗೆ ಹಾಕಿಕೊಂಡೆವು. ಅಲ್ಲಿಂದಾಚೆ ನೋಡಲು ಬಂದವರು ಆಟಗಾರರ ಮನೆಯವರು ಮಾತ್ರ. ಯಾರನ್ನೂ ಬೈಯುವುದಿಲ್ಲ, ಬರವಣಿಗೆಯಲ್ಲಿ ತಗೊಳ್ಳದೆ ಬೀಜ ಹಾಕಿದವರು ನಾವು.

ಆದ್ದರಿಂದ ದಿನಾಂಕ ಬರೆದಿರುವ ಮೈದಾನದ ಹಂಚಿಕೆ ಪತ್ರ ಬೇಕು. ಇಷ್ಟು ಶನಿವಾರ, ಇಷ್ಟು ಗಂಟೆ, ಅಭ್ಯಾಸಕ್ಕೆ ಇಷ್ಟು ದಿನ, ಪಂದ್ಯಕ್ಕೆ ಮೊದಲ ಹತ್ತು ದಿನ ಬೇರೆ ಕಾರ್ಯಕ್ರಮ ಇಲ್ಲ ಅಂತ. ಇದಿಲ್ಲದೆ ಎಷ್ಟು ದೊಡ್ಡ ಊರಾದರೂ ಟೀಮ್ ತಬ್ಬಲಿ. ಇಂಟರ್ ಕಾಶಿ ನೋಡಿ, ಹೆಸರು ವಾರಾಣಸಿಯದು, ಹೋಮ್ ಮ್ಯಾಚ್ ಆಡಿದ್ದು ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿ. 2024-25ರ ಐ-ಲೀಗ್ ಪ್ರಶಸ್ತಿ ಬಂತು, ಆದರೆ ಕಾಶಿಯವನು ನಡೆದುಕೊಂಡು ಹೋಗಿ ನೋಡಿದ್ದು ಎಷ್ಟು?

ಸಿಂಥೆಟಿಕ್ ಟ್ರ್ಯಾಕ್ ಇರುವ ಕ್ರೀಡಾಂಗಣ ಅಂತ ಖುಷಿಪಡಬೇಡಿ. ಟೇಪ್ ಹಿಡಿದು ಅಳೆಯಿರಿ. ಮಾಮೂಲಿ 400 ಮೀಟರ್ ಟ್ರ್ಯಾಕಿನ ಒಳಗೆ ಅಗಲ 73 ಮೀಟರ್. 105 x 68ರ ಪಿಚ್ ಕೂರಿಸಿದರೆ ಎರಡೂ ಬದಿ ಎರಡೂವರೆ ಮೀಟರ್ ಉಳಿಯುತ್ತೆ. ಮೂಲೆಯಲ್ಲಿ ಟ್ರ್ಯಾಕ್ ತಿರುಗುವುದರಿಂದ ಒಂದು ಮೀಟರ್ ಉಳಿದರೆ ಪುಣ್ಯ. ಕಾರ್ನರ್ ತೆಗೆಯುವವನು ಸ್ಟಡ್ ಇರುವ ಬೂಟು ಹಾಕಿಕೊಂಡು ಟ್ರ್ಯಾಕ್ ಮೇಲಿಂದ ಓಡಿ ಬರಬೇಕು, ಅಥ್ಲೆಟಿಕ್ಸ್ ಕೋಚ್ ಸುಮ್ನೆ ಬಿಡ್ತಾರಾ? ಬಿಡಬಾರದು ಕೂಡ. ಕಂಠೀರವದಲ್ಲಿ ಅಥ್ಲೀಟ್‌ಗಳಿಗೂ ಫುಟ್‌ಬಾಲ್‌ಗೂ ಎಷ್ಟು ವರ್ಷ ಜಗಳ ನಡೆಯಿತು ಗೊತ್ತಲ್ಲ. ಮೇಲಾಗಿ ಎಂಟು ಲೇನ್ ಅಂದರೆ ಇನ್ನೂ ಹತ್ತು ಮೀಟರ್ ದೂರ, ನೋಡುವವನಿಗೆ ಬೂಟಿನ ಸದ್ದೂ ಕೇಳಲ್ಲ.

ಇನ್ನು ಜನ ಬರ್ತಾರಾ ಅನ್ನೋದನ್ನು ತಿಳಿಯಲು ನನ್ನ ಹತ್ತಿರ ಇರೋದು ಒಂದೇ ದಾರಿ, ಬಣ್ಣದ ಟಿಕೆಟ್. ಜಿಲ್ಲಾ ಲೀಗಿನಲ್ಲಿ ಒಂದೇ ಟೀಮಿನ ನಾಲ್ಕು ಪಂದ್ಯ ಸಾಲಾಗಿ ಒಂದೇ ಮೈದಾನ, ಒಂದೇ ಹೊತ್ತಿಗೆ ಇಡಿಸಿ. ಟಿಕೆಟ್ 30 ರೂಪಾಯಿ. ಮೊದಲ ಪಂದ್ಯಕ್ಕೆ ಗುಲಾಬಿ, ಎರಡಕ್ಕೆ ಹಳದಿ, ಹೀಗೆ. ಹಿಂದಿನ ಪಂದ್ಯದ ಹರಿದ ಅರ್ಧ ಟಿಕೆಟ್ ತಂದವರಿಗೆ 10 ರೂಪಾಯಿ ಕಡಿಮೆ, ಆ ಚೂರನ್ನು ಗೇಟಲ್ಲೇ ಇಸ್ಕೊಂಡು ಬೇರೆ ಡಬ್ಬಕ್ಕೆ ಹಾಕಿ. ಕೊನೆಗೆ ಡಬ್ಬ ಎಣಿಸಿ. ಮತ್ತೆ ಬಂದವರು ಎಷ್ಟು ಅನ್ನೋದು ಕೈಗೆ ಸಿಗುತ್ತೆ. ಅದರಲ್ಲೂ ಟೀಮ್ 0-4 ಸೋತ ಮುಂದಿನ ವಾರದ ಡಬ್ಬ ಮುಖ್ಯ. ಆ ವಾರ ಮುನ್ನೂರು ಜನ ದುಡ್ಡು ಕೊಟ್ಟು ಬಂದರೆ ಆ ಊರಲ್ಲಿ ಏನೋ ಇದೆ. ನಟರನ್ನು ಕರೆಸಿದ ಫ್ರೀ ಫೈನಲಿಗೆ ಬಂದ ಎಂಟು ಸಾವಿರ ಜನ ಬಂದದ್ದು ಆ ನಟರಿಗೆ.

ಇದರಲ್ಲೂ ಎಡವಟ್ಟು ಆಗುತ್ತೆ. ಐಪಿಎಲ್ ಸಂಜೆ ಇಡಬೇಡಿ. ಪರೀಕ್ಷೆ ತಿಂಗಳು ಬೇಡ. ಊರ ಜಾತ್ರೆ ವಾರ ಬೇಡವೇ ಬೇಡ. ಗೇಟಲ್ಲಿ ಊರ ಹುಡುಗರನ್ನು ನಿಲ್ಲಿಸಬೇಡಿ, ‘ಬಾ ಮಚ್ಚಾ’ ಅಂತ ಅರ್ಧ ಓಣಿಯನ್ನು ಒಳಗೆ ಬಿಡುತ್ತಾರೆ, ಲೆಕ್ಕ ಕೆಡುತ್ತೆ. ಸ್ಪಾನ್ಸರ್ ಸಾವಿರ ಟಿಕೆಟ್ ಒಟ್ಟಿಗೆ ಕೊಂಡು ಹಂಚ್ತೀನಿ ಅಂದರೆ ದುಡ್ಡು ತಗೊಳ್ಳಿ, ಆದರೆ ಆ ಟಿಕೆಟ್‌ಗೆ ಬೇರೆ ಬಣ್ಣ ಕೊಡಿ. ಬುಕ್‌ಮೈಶೋ ಎಲ್ಲ ಆಮೇಲೆ. ಹೆಂಗಸರಿಗೆ, ಮಕ್ಕಳಿಗೆ ಫ್ರೀ ಬಿಡಿ, ಆದರೆ ಮೊದಲು ಶೌಚಾಲಯ ಸರಿಮಾಡಿಸಿ. ಅದಿಲ್ಲದ ಕಡೆ ಒಂದು ಸಲ ಬಂದ ಹೆಣ್ಣುಮಕ್ಕಳು ಮತ್ತೆ ಬರಲ್ಲ.

ನಿಮ್ಮ ಪಟ್ಟಿಗೆ ಬರುತ್ತೇನೆ. ನನ್ನ ಮಟ್ಟಿಗೆ ಮೊದಲು ಮಂಗಳೂರು. ನೆಹರು ಮೈದಾನದಲ್ಲಿ ಫುಟ್‌ಬಾಲ್ ಹೊಸದಲ್ಲ, ಉಳ್ಳಾಲ, ಕಸಬಾ ಬೆಂಗ್ರೆ ಕಡೆ ಆಟ ಮನೆಮನೆಯಲ್ಲಿದೆ, ಕಾಸರಗೋಡು 50 ಕಿಲೋಮೀಟರ್, ಕಾಲೇಜುಗಳ ತುಂಬ ಮಲಯಾಳಿ ಹುಡುಗರು, ಬಜ್ಪೆಯಲ್ಲಿ ವಿಮಾನ ನಿಲ್ದಾಣ. ತೊಂದರೆ ಮಳೆ, ಅಕ್ಟೋಬರ್‌ವರೆಗೆ ಹುಲ್ಲು ನಿಮ್ಮ ಮಾತು ಕೇಳಲ್ಲ. ಇನ್ನೊಂದು, ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರಾಂತ್ಯ ಅಂದರೆ ಕಂಬಳ. ಶನಿವಾರ ಸಂಜೆ ಹತ್ತಿರದಲ್ಲಿ ಕಂಬಳ ಇದ್ದರೆ ನಿಮ್ಮ ಗೇಟಿಗೆ ಯಾರೂ ಬರಲ್ಲ, ಬುಧವಾರ ಲೈಟಲ್ಲಿ ಆಡಿಸಿ. ಎರಡನೆಯದು ಬೆಳಗಾವಿ. ದಂಡಿನ ಪ್ರದೇಶ, ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ, ಪಕ್ಕದಲ್ಲೇ ಗೋವಾ. ಆದರೆ ಅಲ್ಲಿನ ಎಷ್ಟೋ ಹುಡುಗರಿಗೆ ಈಗಾಗಲೇ ಎಫ್‌ಸಿ ಗೋವಾ ಇದೆ. ಹುಬ್ಬಳ್ಳಿ ನನಗೂ ಇಷ್ಟ, ಆದರೆ ಫುಟ್‌ಬಾಲ್‌ಗೆ ಅಂತಲೇ ಬೀಗ ಹಾಕಿಟ್ಟ ಮೈದಾನ ತೋರಿಸಿ, ಆಮೇಲೆ ಮಾತಾಡೋಣ. ಮೈಸೂರಲ್ಲಿ ದಸರಾ ಬಂದರೆ ಚಾಮುಂಡಿ ವಿಹಾರ ಕ್ರೀಡಾಂಗಣ ದಸರಾ ಕ್ರೀಡಾಕೂಟಕ್ಕೆ ಹೋಗುತ್ತೆ. ಕಲಬುರಗಿಯಲ್ಲಿ ಏಪ್ರಿಲ್ ಪಂದ್ಯ ಆಡಿಸುವವರು ಒಂದು ಸಲ ಮಧ್ಯಾಹ್ನ ಅಲ್ಲಿ ನಿಂತು ನೋಡಲಿ. ಬೆಂಗಳೂರಿಗೇ ಇನ್ನೊಂದು ಟೀಮ್ ಯಾಕಾಗಬಾರದು ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಎಸ್‌ಸಿ ಬೆಂಗಳೂರು 2024-25ರಲ್ಲಿ ಐ-ಲೀಗಿಗೆ ಏರಿ ಅದೇ ಸೀಸನ್ನಲ್ಲಿ ಇಳಿಯಿತು. ಕೇಳಿದವರು ಆ ಟೀಮಿನ ಎಷ್ಟು ಪಂದ್ಯಕ್ಕೆ ಹೋಗಿದ್ದರು?

ಗಡಿ ಬಿಟ್ಟು ಇಡೀ ದೇಶದಲ್ಲಿ ಒಂದು ಊರು ಹೇಳಿ ಅಂದರೆ ನಾನು ಕೊಲ್ಹಾಪುರ ಅಂತೀನಿ. ಅಲ್ಲಿ ಗರಡಿ ಮನೆಗಳದ್ದೇ ಫುಟ್‌ಬಾಲ್ ಟೀಮ್: ಪಾಟಾಕಡೀಲ್ ತಾಲೀಮ್, ದಿಲ್‌ಬಹಾರ್ ತಾಲೀಮ್, ಖಂಡೋಬಾ ತಾಲೀಮ್. ಶಾಹು ಸ್ಟೇಡಿಯಂಗೆ ಜನ ಟಿಕೆಟ್ ಕೊಂಡು ಸಾವಿರಗಟ್ಟಲೆ ಬರುತ್ತಾರೆ. 2017ರ ಅಂಡರ್-17 ವಿಶ್ವಕಪ್ ಆಡಿದ ಅನಿಕೇತ್ ಜಾಧವ್ ಆ ಊರಿನವನೇ. ಆದರೂ ಒಂದು ಸಂಶಯ ಇದೆ. ನಾಳೆ ಯಾವುದೋ ಕಂಪನಿ ಬಂದು ಊರಿಗೆಲ್ಲ ಒಂದೇ ಟೀಮ್ ಅಂದರೆ ಪಾಟಾಕಡೀಲ್ ಹುಡುಗ ದಿಲ್‌ಬಹಾರ್ ಹುಡುಗನ ಪಕ್ಕ ಕೂತು ಚಪ್ಪಾಳೆ ತಟ್ಟುತ್ತಾನಾ? ಜನ ಬರೋದೇ ಆ ಜಿದ್ದಿಗೆ. ಅದನ್ನು ಅಳಿಸಿ ಟೀಮ್ ಕಟ್ಟಿದರೆ ಉಳಿಯೋದು ಜರ್ಸಿ ಮಾತ್ರ.

ಜರ್ಸಿ ಅಂದಾಗ ನೆನಪಾಯಿತು, ಲೋಗೊಗೆ, ಹೆಸರಿಗೆ ಈಗ ದುಡ್ಡು ಹಾಕಬೇಡಿ. ರಾಯಲ್ಸ್, ವಾರಿಯರ್ಸ್, ಟೈಗರ್ಸ್ ಎಲ್ಲ ಸಾಕಾಗಿದೆ. ಚೆಂಡಿಗೆ ಹಾಕಿ. ನಿವಿಯಾ ಅಷ್ಟಾಂಗ್ ಒಳ್ಳೆಯದು, ಬಾಳಿಕೆ ಬರುತ್ತೆ. ಅಂಗಡಿಯವನು ತೋರಿಸುವ ಹೊಳೆಯುವ ಹೆಸರಿಲ್ಲದ ಚೆಂಡು ಎರಡು ಮಳೆಗೆ ಮೊಟ್ಟೆ ಆಕಾರಕ್ಕೆ ಬರುತ್ತೆ. ಕೃತಕ ಹುಲ್ಲು ಹಾಕಿಸುವವರು ‘ಫಿಫಾ ಸರ್ಟಿಫಿಕೇಟ್’ ಅಂದರೆ ತಾರೀಕು ಕೇಳಿ. ಅದು ನಡೆಯೋದು ಕ್ವಾಲಿಟಿ ದರ್ಜೆಗೆ ಮೂರು ವರ್ಷ, ಕ್ವಾಲಿಟಿ ಪ್ರೊ ದರ್ಜೆಗೆ ಒಂದೇ ವರ್ಷ. ಆಮೇಲೆ ಮತ್ತೆ ಪರೀಕ್ಷೆ, ಮತ್ತೆ ಖರ್ಚು.

ದುಡ್ಡಿನ ಲೆಕ್ಕವನ್ನೂ ಕಾಗದದ ಮೇಲೆ ಹಾಕಿ ನೋಡಿ. 25 ಆಟಗಾರರು, ಸರಾಸರಿ ತಿಂಗಳಿಗೆ 40 ಸಾವಿರ ಅಂದುಕೊಳ್ಳಿ, ಎಂಟು ತಿಂಗಳಿಗೆ 80 ಲಕ್ಷ. ಪ್ರತಿ ಪಂದ್ಯಕ್ಕೆ ಐದು ಸಾವಿರ ಜನ 50 ರೂಪಾಯಿ ಕೊಟ್ಟರೂ 11 ಹೋಮ್ ಮ್ಯಾಚಿಗೆ 27.5 ಲಕ್ಷ. ಕೋಚು, ಫಿಸಿಯೊ, ಶ್ರೀನಗರ, ಐಜ್ವಾಲ್, ಶಿಲ್ಲಾಂಗ್ ವಿಮಾನ ಇನ್ನೂ ಸೇರಿಸಿಲ್ಲ. ಐಎಸ್‌ಎಲ್ ಕನಸು ಅಂತೂ ಈಗ ಬೇಡ. 2025ರಲ್ಲಿ ಲೀಗೇ ತೂಗಾಡಿತು, ಅದನ್ನು ನಡೆಸಲು ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಅಷ್ಟು ಗಟ್ಟಿ ಮಾಲೀಕರಿರುವ ಬಿಎಫ್‌ಸಿಯೇ ಆ ಆಗಸ್ಟ್‌ನಲ್ಲಿ ಸಂಬಳ ನಿಲ್ಲಿಸಿತು.

ಕೇರಳದವರು 2024ರಲ್ಲಿ ಶುರುಮಾಡಿದ ಸೂಪರ್ ಲೀಗ್ ನನಗೆ ಹಿಡಿಸುತ್ತೆ. ಆರು ಟೀಮ್, ಎಲ್ಲ ಒಂದೇ ರಾಜ್ಯದೊಳಗೆ, ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬರಬಹುದು. ಮಂಗಳೂರು, ಬೆಳಗಾವಿ, ಹುಬ್ಬಳ್ಳಿ, ಮೈಸೂರು, ಬೆಂಗಳೂರಿಂದ ಎರಡು ಅಂತ ಇಲ್ಲೂ ಮಾಡಬಹುದು. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ತಂದ ರಾಜ್ಯ ನಮ್ಮದು, ಆಟಗಾರರಿಗೆ ಬರ ಇಲ್ಲ.

ಮೊದಲು ಕ್ರೀಡಾ ಇಲಾಖೆಗೆ ಅರ್ಜಿ ಹಾಕಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಉತ್ತರ ಬಂದರೆ ಷರತ್ತುಗಳ ಪುಟದ ಫೋಟೊ ಇಲ್ಲೇ ಹಾಕಿ. ‘ಸರ್ಕಾರಿ ಕಾರ್ಯಕ್ರಮಗಳಿದ್ದಲ್ಲಿ ರದ್ದು’ ಅನ್ನುವ ಸಾಲು ಇರುತ್ತೆ. ಅದರ ಪಕ್ಕ ಎಷ್ಟು ದಿನದ ಮುಂಚೆ ತಿಳಿಸಬೇಕು, ಹಾಳಾದ ಹುಲ್ಲಿಗೆ ಯಾರು ದುಡ್ಡು ಕೊಡಬೇಕು ಅಂತ ಬರೆಸಿಕೊಳ್ಳದೆ ಸಹಿ ಮಾಡಬೇಡಿ.