ಕನಿಷ್ಠ ವೇತನ ಏರಿಸಿದರೆ ಕೂಲಿಕಾರರ ಕೆಲಸಕ್ಕೇ ಕುತ್ತು ಬರುತ್ತದೆಯೇ?

ಬರಲೇಬೇಕೆಂದಿಲ್ಲ. ಎಷ್ಟು ಏರಿಸುತ್ತಾರೆ, ಆ ಊರಲ್ಲಿ ಕೆಲಸ ಕೊಡುವವರು ಎಷ್ಟು ಮಂದಿ ಇದ್ದಾರೆ ಎಂಬುದು ಮುಖ್ಯ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನೇ ನೋಡಿ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಮನೆ, ಮಕ್ಕಳನ್ನು ಬಿಟ್ಟು ದೂರದ ಊರಿಗೆ ದುಡಿಯಲು ಹೋಗುವಂತಿಲ್ಲ. ಹಾಗಾಗಿ ಕೊಟ್ಟಷ್ಟಕ್ಕೆ ಒಪ್ಪುತ್ತಾರೆ. ದರ ಹೇಳುವವರ ಕೈಯೇ ಮೇಲು. ಕೂಲಿ ಅವರ ದುಡಿಮೆಯ ಬೆಲೆಗಿಂತ ಕೆಳಗೇ ಉಳಿಯುವ ಇಂಥ ಕಡೆ ಕಾನೂನು ದರ ಏರಿಸಿದರೆ ಕೆಲಸ ಕಡಿಮೆಯಾಗದೆಯೂ ಕೂಲಿ ಏರಬಹುದು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಗೆ 4.25 ಡಾಲರ್ ಇದ್ದದ್ದನ್ನು 5.05ಕ್ಕೆ ಏರಿಸಿತು. ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ನೌಕರಿ ಕಡಿಮೆಯಾದದ್ದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅವರಿಗೆ ಕಾಣಲಿಲ್ಲ. (ಇದನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ.)

ಹುಬ್ಬಳ್ಳಿಯ ಸಣ್ಣ ವರ್ಕ್‌ಶಾಪಿನವರ ಸಂಕಟವೂ ಸುಳ್ಳಲ್ಲ. ದೊಡ್ಡ ಕಂಪನಿ ಆರ್ಡರಿನ ದರ ಏರಿಸದಿದ್ದರೆ ಅವರು ಓವರ್‌ಟೈಮ್ ನಿಲ್ಲಿಸುತ್ತಾರೆ, ಹೊಸ ಹುಡುಗರನ್ನು ತೆಗೆದುಕೊಳ್ಳುವುದಿಲ್ಲ.

ನನಗೆ ಹೆಚ್ಚು ಕಾಡುವುದು ಜಾರಿಯ ಪ್ರಶ್ನೆ. ಕಿಲೋಗೆ ಇಷ್ಟು ಎಂಬಂಥ ತುಂಡು ಲೆಕ್ಕದ ಕೆಲಸಕ್ಕೆ ಬೇರೆ ದರ ಗೊತ್ತುಮಾಡಿರದಿದ್ದರೆ ಸಮಯದ ಲೆಕ್ಕದ ಕನಿಷ್ಠ ವೇತನವನ್ನಾದರೂ ಕೊಡಬೇಕೆಂದು 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಮೇ ಹೇಳಿತ್ತು. ಹಾಜರಿ ಪುಸ್ತಕವೇ ಇಲ್ಲದ ಕಡೆ, ತಾನು ಎಷ್ಟು ತಾಸು ದುಡಿದೆನೆಂದು ತೊಟ್ಟು ಬಿಡಿಸುವ ಹೆಣ್ಣುಮಗಳು ತೋರಿಸುವುದು ಹೇಗೆ?