ಸಂಪಾದಕರ ಉತ್ತರ: ತೋಟ ಮಾರಿ ಡಿಗ್ರಿ ಕೊಡಿಸಬೇಕೇ?

ತಿಪಟೂರು ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ. ಮಗ ದ್ವಿತೀಯ ಪಿಯುಸಿ ವಿಜ್ಞಾನ ಪಾಸಾಗಿದ್ದಾನೆ, ಪಿಸಿಎಂನಲ್ಲಿ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶೇ 58. ಸಿಇಟಿ ರ‍್ಯಾಂಕ್ ಒಂದೂವರೆ ಲಕ್ಷ ದಾಟಿದೆ. ಬೆಂಗಳೂರಿನ ಹೊರವಲಯದ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆಂದು ಏಜೆಂಟನೊಬ್ಬ ಬಂದಿದ್ದಾನೆ. ವರ್ಷಕ್ಕೆ 2 ಲಕ್ಷ ಫೀ, ಅದರ ಮೇಲೆ ರಸೀದಿ ಇಲ್ಲದ 2 ಲಕ್ಷ. ಅರ್ಧ ಎಕರೆ ತೆಂಗಿನ ತೋಟ ಮಾರಿ, ಬ್ಯಾಂಕಿನಲ್ಲಿ 6 ಲಕ್ಷ ಸಾಲ ಮಾಡುವ ಯೋಚನೆ. ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ಶೇ 84 ತೆಗೆದಿದ್ದಾಳೆ. 'ಅವಳಿಗೆ ಹತ್ತಿರದಲ್ಲೇ ಏನಾದರೂ ಓದಿಸಿದರಾಯಿತು' ಎಂದು ಒಂದೇ ಸಾಲು. ಅಣ್ಣನ ಮಗ ಐಟಿಐ ಮುಗಿಸಿ ಪೀಣ್ಯದಲ್ಲಿ ದುಡಿಯುತ್ತಿದ್ದಾನೆ, ತಂಗಿಯ ಮಗಳು ಬಿಇ ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದಾಳೆ. 'ಹಾಗಾದರೆ ಡಿಗ್ರಿಗೆ ಬೆಲೆ ಇದೆಯೋ ಇಲ್ಲವೋ, ನೇರವಾಗಿ ಹೇಳಿ' ಎಂದು ಕೇಳಿದ್ದಾರೆ.

ಮಾನ್ಯರೇ,

ಡಿಗ್ರಿಗೆ ಬೆಲೆ ಇದೆ. ಏಜೆಂಟ್ ತೋರಿಸುತ್ತಿರುವ ಈ ಸೀಟಿಗೆ ಇಲ್ಲ. ತೋಟ ಮಾರಬೇಡಿ.

ಯಾಕೆ ಬೆಲೆ ಇದೆ ಎಂಬುದನ್ನು ಮೊದಲು ನೋಡೋಣ. ನಮ್ಮಲ್ಲಿ ಎಷ್ಟೋ ಕೆಲಸಗಳಿಗೆ ಅರ್ಜಿ ಹಾಕುವ ಮೊದಲೇ ಓದಿನ ಮಟ್ಟ ಕೇಳುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್, ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಪಿಯುಸಿ ಸಾಕು. ಪಿಎಸ್‌ಐ, ಪಿಡಿಒ, ಪ್ರಥಮ ದರ್ಜೆ ಸಹಾಯಕ, ಕೆಎಎಸ್, ಬ್ಯಾಂಕ್ ಕ್ಲರ್ಕ್, ಬ್ಯಾಂಕ್ ಅಧಿಕಾರಿ ಇವೆಲ್ಲಕ್ಕೂ ಡಿಗ್ರಿ ಬೇಕು. ಯಾವ ಡಿಗ್ರಿಯಾದರೂ ನಡೆಯುತ್ತದೆ. ವಿದ್ಯುತ್ ಕಂಪನಿಗಳಲ್ಲಂತೂ ಶ್ರೇಣಿ ಸ್ಪಷ್ಟ. ಪವರ್‌ಮ್ಯಾನ್ ಕೆಲಸಕ್ಕೆ ಎಸ್‌ಎಸ್‌ಎಲ್‌ಸಿ, ಜೂನಿಯರ್ ಎಂಜಿನಿಯರ್‌ಗೆ ಡಿಪ್ಲೊಮಾ, ಅಸಿಸ್ಟೆಂಟ್ ಎಂಜಿನಿಯರ್‌ಗೆ ಬಿಇ. ಖಾಸಗಿ ಕಾರ್ಖಾನೆಗಳಲ್ಲಿ ಇದನ್ನು ಬರೆದು ಇಟ್ಟಿರುವುದಿಲ್ಲ, ಆದರೂ ನಡೆಯುವುದು ಹೀಗೆಯೇ. ಕೆಲಸ ಚೆನ್ನಾಗಿ ಬಲ್ಲ ಐಟಿಐ ಹುಡುಗ ಹತ್ತು ವರ್ಷದ ಬಳಿಕ ಸೂಪರ್‌ವೈಸರ್ ಆಗುವ ಹೊತ್ತಿಗೆ, ಡಿಪ್ಲೊಮಾ ಇಲ್ಲವೆಂಬ ಕಾರಣಕ್ಕೆ ಅವನಿಗಿಂತ ಚಿಕ್ಕವನು ಮೇಲೆ ಹೋಗುತ್ತಾನೆ. ಹೊರದೇಶದ ಮಾತೂ ಅಷ್ಟೇ: ಅಮೆರಿಕದ ಎಚ್-1ಬಿ ವೀಸಾಕ್ಕೆ ಡಿಗ್ರಿ ಅಥವಾ ಅದಕ್ಕೆ ಸಮವಾದದ್ದು ಬೇಕೇ ಬೇಕು, ನಮ್ಮ ಮೂರು ವರ್ಷದ ಡಿಗ್ರಿ ಒಂದನ್ನೇ ಅಲ್ಲಿ ಎಷ್ಟೋ ಸಲ ಪೂರ್ಣವೆಂದು ಎಣಿಸುವುದಿಲ್ಲ.

ಇನ್ನು ನಿಮ್ಮ ಅನುಮಾನವೂ ಸುಳ್ಳಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಡಿಗ್ರಿ ಪಡೆದ ಯುವಜನರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಇದನ್ನು ನೋಡಿ ಓದಿದರೇ ನಷ್ಟ ಎಂದುಕೊಳ್ಳಬಾರದು. ಓದು ಇಲ್ಲದವರು ಸಿಕ್ಕ ಕೂಲಿಗೆ ಮರುದಿನವೇ ಹೋಗಬೇಕಾಗುತ್ತದೆ, ಹಾಗಾಗಿ ಅವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ. ಡಿಗ್ರಿ ಆದವರು ತಕ್ಕ ಕೆಲಸಕ್ಕಾಗಿ ಕಾಯುತ್ತಾರೆ. ಹಾಗೆ ಕಾಯುವ ಕಾಲದಲ್ಲಿ ಮನೆಯ ಮೇಲೆ ಸಾಲ ಇರಬಾರದು ಎಂಬುದೇ ನಮ್ಮ ಮಾತಿನ ತಿರುಳು.

ಸಾಲದ ಲೆಕ್ಕ ಬಿಡಿಸೋಣ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ, ಒಟ್ಟು 6 ಲಕ್ಷ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದುವ ಅವಧಿಗೆ ಒಂದು ವರ್ಷ ಸೇರಿಸಿ ಕಂತಿಗೆ ವಿನಾಯಿತಿ ಕೊಡುತ್ತಾರೆ. ವಿನಾಯಿತಿ ಕಂತಿಗೆ ಮಾತ್ರ, ಬಡ್ಡಿಗಲ್ಲ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ ಸರಳ ಬಡ್ಡಿ ಹಾಕಿದರೂ 2.10 ಲಕ್ಷ. ಕಂತು ಶುರುವಾಗುವ ದಿನ ಸಾಲ 8.10 ಲಕ್ಷ. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 10,700 ರೂಪಾಯಿ. ತೀರುವ ಹೊತ್ತಿಗೆ 12.8 ಲಕ್ಷ ಕಟ್ಟಿರುತ್ತೀರಿ. ಮೊದಲ ಕೆಲಸದಲ್ಲಿ ಕೈಗೆ 20 ಸಾವಿರ ಬಂದರೂ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಕಂತಿಗೆ ಉಳಿಯುವುದಿಲ್ಲ. ಇಂಥ ಸಾಲದಲ್ಲಿ ತಂದೆ ಸಹ-ಸಾಲಗಾರ. ಕಂತು ತಪ್ಪಿದರೆ ಸಾಲ ತೀರಿಸಿದ ಚರಿತ್ರೆ ನೋಡಿ ಕೊಡುವ ನಿಮ್ಮ ಹೆಸರಿನ ಸಿಬಿಲ್ ಅಂಕವೂ ಇಳಿಯುತ್ತದೆ, ಮುಂದೆ ಬೆಳೆ ಸಾಲ ಕೇಳಲು ಹೋದಾಗ ಅದೇ ಅಡ್ಡ ಬರುತ್ತದೆ. ಸರ್ಕಾರದ ಬಡ್ಡಿ ಸಹಾಯ ಇರುವುದು ಮೆರಿಟ್ ಮೇಲೆ ಸೀಟು ಪಡೆದವರಿಗೆ. ಮ್ಯಾನೇಜ್‌ಮೆಂಟ್ ಸೀಟಿಗೆ ಅದನ್ನು ನಂಬಿಕೊಂಡು ಹೆಜ್ಜೆ ಇಡಬೇಡಿ.

ರಸೀದಿ ಇಲ್ಲದ ಆ 2 ಲಕ್ಷದ ಬಗ್ಗೆ. ಡೊನೇಷನ್ ವಸೂಲಿಯನ್ನು ನಮ್ಮ ರಾಜ್ಯ 1984ರ ಕಾಯ್ದೆಯಲ್ಲೇ ನಿಷೇಧಿಸಿದೆ. ರಸೀದಿ ಇಲ್ಲದ ಹಣವನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗ ಮೊದಲ ತಿಂಗಳಲ್ಲೇ ಬಿಟ್ಟು ಬಂದರೆ ಅದನ್ನು ಯಾರ ಬಳಿಯೂ ಕೇಳಲಾಗದು. 'ಸೀಟು ಹಿಡಿದಿಡಲು' ಎಂದು ಮೂಲ ಅಂಕಪಟ್ಟಿ ಮತ್ತು ಟಿಸಿ ಕೇಳಿದರೂ ಕೊಡಬೇಡಿ. ಮೂಲ ದಾಖಲೆಯನ್ನು ಕಾಲೇಜು ಇಟ್ಟುಕೊಳ್ಳಬಾರದು, ತಾಳೆ ನೋಡಿ ವಾಪಸ್ ಕೊಡಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿದೆ. ಕಾಗದ ಅವರ ಕೈಯಲ್ಲಿದ್ದರೆ ಬೇರೆಡೆ ಸೀಟು ಸಿಕ್ಕಾಗ ನೀವು ಅವರು ಹೇಳಿದಷ್ಟು ಕಟ್ಟಿ ಬಿಡಿಸಿಕೊಳ್ಳಬೇಕಾಗುತ್ತದೆ.

'ಪ್ಲೇಸ್‌ಮೆಂಟ್ ಶೇ 95' ಎಂದು ಏಜೆಂಟ್ ಹೇಳಿರುತ್ತಾನೆ. ಆ ಲೆಕ್ಕವನ್ನು ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ಶ್ರೇಣಿಗೆ ಅರ್ಜಿ ಹಾಕಿದ ಕಾಲೇಜು ತಾನು ಸಲ್ಲಿಸಿದ ಅಂಕಿಅಂಶವನ್ನು ತನ್ನ ಜಾಲತಾಣದಲ್ಲಿ ಪಿಡಿಎಫ್ ಆಗಿ ಹಾಕಿರುತ್ತದೆ. ಅದರಲ್ಲಿ ನಾಲ್ಕು ಅಂಕಿ ಹುಡುಕಿ: ಮೊದಲ ವರ್ಷ ಸೇರಿದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಅವರ ಮಧ್ಯಾಂಕ ಸಂಬಳ (ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಬಳ). ಉದಾಹರಣೆಗೆ 200 ಜನ ಸೇರಿ, 110 ಜನ ಸಕಾಲಕ್ಕೆ ಪಾಸಾಗಿ, 60 ಮಂದಿಗೆ ಕೆಲಸ ಸಿಕ್ಕಿದ್ದರೆ ಅದು ಶೇ 30. ಸಂದರ್ಶನಕ್ಕೆ ಅರ್ಹರಾದ 63 ಜನರನ್ನಷ್ಟೇ ಎಣಿಸಿದರೆ ಅದೇ 60 ಜನರ ಲೆಕ್ಕ ಶೇ 95 ಆಗುತ್ತದೆ. ಆ ಅರ್ಹತೆ ಎಂದರೆ ಸಾಮಾನ್ಯವಾಗಿ ಹತ್ತನೇ ತರಗತಿ, ಪಿಯುಸಿ ಅಥವಾ ಡಿಪ್ಲೊಮಾ, ಬಿಇ ಮೂರರಲ್ಲೂ ಶೇ 60 ಮತ್ತು ಬಾಕಿ ಉಳಿದ ವಿಷಯ ಒಂದೂ ಇರಬಾರದು. ನಿಮ್ಮ ಮಗನ ಪಿಯುಸಿ ಅಂಕವೇ 60ರ ಕೆಳಗಿದ್ದರೆ, ಬಿಇಯಲ್ಲಿ ಎಷ್ಟೇ ಚೆನ್ನಾಗಿ ಓದಿದರೂ ಕೆಲವು ಕಂಪನಿಗಳ ಬಾಗಿಲು ಮೊದಲೇ ಮುಚ್ಚಿರುತ್ತದೆ. ಇದನ್ನು ಯಾವ ಏಜೆಂಟನೂ ಹೇಳುವುದಿಲ್ಲ. ಪಿಡಿಎಫ್ ಸಿಗದಿದ್ದರೆ ಒಂದು ದಿನ ಕಾಲೇಜಿನ ಬಳಿ ಹೋಗಿ, ಅದೇ ಬ್ರಾಂಚಿನ ಕೊನೆಯ ವರ್ಷದ ಮಕ್ಕಳನ್ನು ಬಸ್ ನಿಲ್ದಾಣದಲ್ಲಿ ಮಾತಾಡಿಸಿ.

ಬ್ರಾಂಚಿನ ಹೆಸರಿನ ಬಗ್ಗೆಯೂ ಎಚ್ಚರ ಇರಲಿ. ಸರ್ಕಾರಿ ಎಂಜಿನಿಯರ್ ಹುದ್ದೆಗಳ ಅಧಿಸೂಚನೆಯಲ್ಲಿ ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಎಂದು ಬ್ರಾಂಚ್ ಹೆಸರಿಸಿಯೇ ಕರೆಯುತ್ತಾರೆ. ಹೊಸ ಹೊಸ ಹೆಸರಿನ ಬ್ರಾಂಚ್ ತೆಗೆದುಕೊಂಡವರು ಆಮೇಲೆ ತತ್ಸಮಾನ ಪ್ರಮಾಣಪತ್ರಕ್ಕೆ ಅಲೆಯಬೇಕಾದೀತು.

ಹಾಗಾದರೆ ಮಗನಿಗೆ ದಾರಿ ಯಾವುದು? ಮೊದಲು ಅವನ ಗಣಿತದ ಅಂಕವನ್ನು ಬೇರೆಯಾಗಿ ನೋಡಿ, ಎಂಜಿನಿಯರಿಂಗ್ ಅವನಿಗೇ ಬೇಕೋ ಎಂದು ಕೇಳಿ. ಬಿಇ ಮೊದಲ ವರ್ಷದಲ್ಲಿ ಹುಡುಗರು ಬೀಳುವುದು ಹೆಚ್ಚಾಗಿ ಗಣಿತದಲ್ಲಿ. ಅಲ್ಲಿ ಉಳಿದ ಬಾಕಿ ಕೊನೆಯ ವರ್ಷದವರೆಗೂ ಎಳೆಯುತ್ತದೆ. ಅವನಿಗೆ ಮನಸ್ಸಿದೆ ಎಂದಾದರೆ ಸಿಇಟಿ ಕೌನ್ಸೆಲಿಂಗ್ ಬಿಡಬೇಡಿ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಶೇ 15ರ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5ರ ಮೀಸಲಾತಿ ಇದೆ. ಇವು ಪರಿಶೀಲನಾ ಪತ್ರದಲ್ಲಿ ನಮೂದಾಗಿವೆಯೇ ನೋಡಿ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಕಡಿಮೆ ಆದಾಯದ ಕುಟುಂಬದವರಿಗೆ ಹೆಚ್ಚುವರಿಯಾಗಿ ಇಡುವ ಎಸ್‌ಎನ್‌ಕ್ಯೂ ಸೀಟುಗಳಿಗೂ ಪರಿಗಣಿಸುತ್ತಾರೆ, ಅಲ್ಲಿ ಬೋಧನಾ ಶುಲ್ಕ ಇಲ್ಲ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವಾಗ, ನಾಲ್ಕೈದು ಕಾಲೇಜು ಹಾಕಿ ನಿಲ್ಲಿಸುವುದೇ ದೊಡ್ಡ ತಪ್ಪು. ಹಾಸನ, ಚಾಮರಾಜನಗರ, ಹಾವೇರಿ ಎನ್ನದೆ ಸರ್ಕಾರಿ ಕಾಲೇಜುಗಳನ್ನು ಉದ್ದಕ್ಕೆ ತುಂಬಿ. ಸೀಟು ಸಿಕ್ಕಿ, ಇನ್ನೂ ಒಳ್ಳೆಯದಕ್ಕೆ ಕಾಯುವುದಾದರೆ ಚಾಯ್ಸ್ 2 ಒತ್ತಬೇಕು. ಚಾಯ್ಸ್ 3 ಒತ್ತಿದರೆ ಕೈಯಲ್ಲಿದ್ದದ್ದು ಹೋಗುತ್ತದೆ, ಚಾಯ್ಸ್ 4 ಒತ್ತಿದರೆ ಕೌನ್ಸೆಲಿಂಗ್‌ನಿಂದಲೇ ಹೊರಗೆ. ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ, ಪಕ್ಕದಲ್ಲಿ ಕುಳಿತು ಮಗನೇ ಒತ್ತಲಿ.

ಒಪ್ಪುವ ಸೀಟು ಸಿಗದಿದ್ದರೆ ನಮ್ಮ ಸಲಹೆ ಡಿಪ್ಲೊಮಾ. ಪಿಯುಸಿ ವಿಜ್ಞಾನ ಪಾಸಾದವರಿಗೆ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೇ ನೇರ ಪ್ರವೇಶ ಉಂಟು. ಸರ್ಕಾರಿ ಪಾಲಿಟೆಕ್ನಿಕ್‌ನ ಫೀ ವರ್ಷಕ್ಕೆ ಕೆಲವೇ ಸಾವಿರ. ಎರಡು ವರ್ಷದಲ್ಲಿ ಡಿಪ್ಲೊಮಾ ಕೈಗೆ ಬರುತ್ತದೆ. ಆಮೇಲೆ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಒಟ್ಟು ಐದು ವರ್ಷ. ನೇರ ಬಿಇಗಿಂತ ಒಂದು ವರ್ಷ ಹೆಚ್ಚು. ಆ ಒಂದು ವರ್ಷಕ್ಕೆ ಪ್ರತಿಯಾಗಿ ಮೂರು ಲಾಭ. ನಡುವೆ ನಿಲ್ಲಿಸಬೇಕಾಗಿ ಬಂದರೂ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಹತೆ ಇರುತ್ತದೆ. ಪಿಯುಸಿಯ 58ರ ಜಾಗದಲ್ಲಿ ಡಿಪ್ಲೊಮಾ ಅಂಕ ತೋರಿಸಲು ಹಲವು ಕಂಪನಿಗಳು ಬಿಡುತ್ತವೆ. ಲ್ಯಾಬಿನಲ್ಲಿ ಕೈ ಪಳಗಿರುತ್ತದೆ. ಕಷ್ಟವೂ ಇದೆ: ಡಿಸಿಇಟಿ ಮೂಲಕ ತುಂಬುವ ಸೀಟು ಕಡಿಮೆ, ಬಿಇಗೆ ಹೋದ ಮೇಲೆ ಗಣಿತ ಮತ್ತೆ ಎದುರಾಗುತ್ತದೆ. ಪಾಲಿಟೆಕ್ನಿಕ್ ಅರ್ಜಿಯ ಕೊನೆಯ ದಿನ ಸಿಇಟಿ ಸೀಟು ಹಂಚಿಕೆಗಿಂತ ಮೊದಲೇ ಮುಗಿದುಹೋಗುವುದುಂಟು, ಹಾಗಾಗಿ ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿ.

ಅವನಿಗೆ ಎಂಜಿನಿಯರಿಂಗ್ ಬೇಡವೆಂದರೆ ತಿಪಟೂರಿನಲ್ಲೇ ಬಿಎಸ್‌ಸಿ ಅಥವಾ ಬಿಸಿಎ ಮಾಡಲಿ. 2024-25ರಿಂದ ನಮ್ಮ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷದ್ದು. ಕಡಿಮೆ ಖರ್ಚಿನ ಈ ಡಿಗ್ರಿಗೆ ಎರಡನೇ ವರ್ಷದಿಂದಲೇ ಬ್ಯಾಂಕ್ ಅಥವಾ ಕೆಪಿಎಸ್‌ಸಿ ಪರೀಕ್ಷೆಯ ತಯಾರಿ ಜೊತೆಯಾಗಬೇಕು. ಬರೀ ಪಾಸಾಗಿ ಹೊರಬಂದರೆ ಆಮೇಲೆ ಕೋಚಿಂಗ್‌ಗೆ ಎರಡು ವರ್ಷ ಹೋಗುತ್ತದೆ.

ಈಗ ನಿಮ್ಮ ಮಗಳು. ನಿಮ್ಮ ಪತ್ರದಲ್ಲಿ ನಮಗೆ ನೋವು ತಂದದ್ದು ಅವಳ ಬಗೆಗಿನ ಆ ಒಂದು ಸಾಲು. ಮನೆಯಲ್ಲಿ ಶೇ 84 ತೆಗೆದ ಮಗು ಅವಳು. 58 ತೆಗೆದವನಿಗೆ ತೋಟ ಮಾರಲು ಹೊರಟು, ಅವಳಿಗೆ 'ಏನಾದರೂ' ಎನ್ನುವುದು ನ್ಯಾಯವಲ್ಲ. ಅವಳ ಅಂಕಕ್ಕೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಒಳ್ಳೆಯ ಬ್ರಾಂಚ್ ಸಿಗುವ ಸಾಧ್ಯತೆ ಚೆನ್ನಾಗಿದೆ. ಮಹಿಳೆಯರಿಗೆಂದೇ ಇರುವ ಪಾಲಿಟೆಕ್ನಿಕ್‌ಗಳೂ, ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲ್‌ಗಳೂ ಇವೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷದ ಓದು, ಮೇಲೊಂದು ವರ್ಷ ಕಾರ್ಖಾನೆ ತರಬೇತಿ, ಹುಡುಗಿಯರೂ ಸೇರಬಹುದು. ಲೆಕ್ಕಪತ್ರದಲ್ಲಿ ಒಲವಿದ್ದರೆ ಪಿಯುಸಿ ವಾಣಿಜ್ಯ ಓದಿ, ಸಿಎ ಫೌಂಡೇಶನ್ ಬರೆಯಲಿ. ಅದಕ್ಕೆ ಡಿಗ್ರಿ ಮುಗಿಯುವವರೆಗೆ ಕಾಯಬೇಕಿಲ್ಲ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ವಿದ್ಯಾನಿಧಿಯಲ್ಲಿ ಪಿಯುಸಿ, ಡಿಪ್ಲೊಮಾ ಓದುವ ಹುಡುಗಿಗೆ ವರ್ಷಕ್ಕೆ 3,000, ಬಿಇ ಓದುವವಳಿಗೆ 11,000 ರೂಪಾಯಿ ನಿಗದಿಯಾಗಿತ್ತು, ಈಗಲೂ ಕೊಡುತ್ತಾರೆಯೇ ವಿಚಾರಿಸಿ. ಅದಕ್ಕೆ ನಿಮ್ಮ ಪಹಣಿ ಜೋಡಿಸಿದ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು. ಇಲ್ಲದಿದ್ದರೆ ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಿ. ಜಾತಿ, ಆದಾಯ ಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ತೆಗೆಸಿಡಿ. ಅರ್ಜಿಗಳಲ್ಲಿ ಅವುಗಳ ಆರ್‌ಡಿ ಸಂಖ್ಯೆ ಕೇಳುತ್ತಾರೆ, ಮಗುವಿನ ಹೆಸರಿನ ಒಂದು ಅಕ್ಷರ ಅಂಕಪಟ್ಟಿಗಿಂತ ಬೇರೆ ಇದ್ದರೂ ತೊಂದರೆ.

ತಂಗಿಯ ಮಗಳಿಗೆ ಹೇಳಿ: ಮನೆಯಲ್ಲಿ ಕುಳಿತ ಪ್ರತಿ ವರ್ಷ ಸಂದರ್ಶನದಲ್ಲಿ ಉತ್ತರಿಸಬೇಕಾದ ಪ್ರಶ್ನೆಯಾಗುತ್ತದೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯಾದ ನ್ಯಾಟ್ಸ್‌ನ ಜಾಲತಾಣದಲ್ಲಿ ನೋಂದಾಯಿಸಿದರೆ ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ಅರ್ಜಿ ಹಾಕಬಹುದು. ಬಿಇಎಲ್, ಎಚ್‌ಎಎಲ್‌ನಂಥ ಸಂಸ್ಥೆಗಳೂ ಇದರ ಮೂಲಕ ಪದವೀಧರರನ್ನು ತೆಗೆದುಕೊಳ್ಳುತ್ತವೆ. ಪಾಸಾಗಿ ಹೆಚ್ಚು ವರ್ಷವಾದರೆ ಅರ್ಹತೆ ತಪ್ಪುತ್ತದೆ. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯ ತಿಂಗಳಿಗೆ 3,000 ರೂಪಾಯಿ ಎರಡು ವರ್ಷ ಬರುತ್ತದೆ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಅದು ಇಲ್ಲ. ಎರಡರಲ್ಲಿ ಒಂದು ಎಂದಾದರೆ ಅಪ್ರೆಂಟಿಸ್ ತರಬೇತಿಯನ್ನೇ ಆರಿಸಿಕೊಳ್ಳಲಿ.

ಅಣ್ಣನ ಮಗನ ಬಗ್ಗೆ ನೀವು ಏನೂ ಕೇಳಿಲ್ಲ. ಪೀಣ್ಯದಲ್ಲಿ ಅವನು ಯಾವ ಕೆಲಸ ಮಾಡುತ್ತಿದ್ದಾನೆಂದು ಒಮ್ಮೆ ವಿಚಾರಿಸಿ. ಕಾಂಟ್ರಾಕ್ಟರನ ಕೆಳಗೆ ಬರೀ ಪೀಸು ಹಾಕಿ ತೆಗೆಯುತ್ತಿದ್ದರೆ, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಸೆಟ್ಟಿಂಗ್, ಡ್ರಾಯಿಂಗ್ ಓದುವುದು, ಮೈಕ್ರೋಮೀಟರ್ ಅಳತೆ ಕಲಿಸುವ ಕಡೆಗೆ ಹೋಗಲಿ. ಎರಡು ವರ್ಷದ ಐಟಿಐ ಪಾಸಾದವರಿಗೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಪ್ರವೇಶ ಉಂಟು. ಕೆಲಸದಲ್ಲಿರುವವರಿಗೆಂದೇ ತರಗತಿ ನಡೆಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಕೆಲವು ಸಂಸ್ಥೆಗಳಿಗೆ ಅನುಮತಿ ಕೊಟ್ಟಿದೆ. ಪಾಳಿ ನೋಡಿಕೊಂಡು ಅಂಥದ್ದು ಹತ್ತಿರದಲ್ಲಿ ಇದೆಯೇ ಎಂದು ತಾಂತ್ರಿಕ ಶಿಕ್ಷಣ ಇಲಾಖೆಯಲ್ಲಿ ಕೇಳಲಿ. ಐಟಿಐ ಅಂಕಪಟ್ಟಿ ಮತ್ತು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಎರಡನ್ನೂ ಅವನು ತರಿಸಿಟ್ಟುಕೊಂಡಿರಬೇಕು. ಪಾಸಾದ ಮೇಲೆ ಅದನ್ನು ಡೌನ್‌ಲೋಡ್ ಮಾಡದೆ ಬಿಟ್ಟ ಹುಡುಗರು ಪ್ರವೇಶದ ಕೊನೆಯ ದಿನ ಪರದಾಡುತ್ತಾರೆ.

— ಸಂ.